ಡಬಲ್ ಪ್ರಮೋಷನ್ ಕೊಡಬೇಕೆ?

ಜೂನ್‌ನಲ್ಲಿ ಕೊಂಡ ಪಠ್ಯಪುಸ್ತಕವನ್ನು ಆಗಸ್ಟ್ ಹೊತ್ತಿಗೆ ಓದಿ ಮುಗಿಸಿ, ವರ್ಷದ ಉಳಿದ ಭಾಗವನ್ನೆಲ್ಲ ಕಿಟಕಿಯಾಚೆ ನೋಡುತ್ತ ಕಳೆಯುವ ಮಕ್ಕಳು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಹಿಂದೆ ಇಂಥವರಿಗೆ ನಮ್ಮ ಶಾಲೆಗಳಲ್ಲಿ ‘ಡಬಲ್ ಪ್ರಮೋಷನ್’ ಕೊಡುವುದಿತ್ತು. ಹೆಡ್‌ಮೇಷ್ಟ್ರು ಮನಸ್ಸು ಮಾಡಿದರೆ ಮೂರನೆಯ ತರಗತಿಯ ಹುಡುಗ ನೇರವಾಗಿ ಐದನೆಯದಕ್ಕೆ ಹೋಗಿ ಕೂರುತ್ತಿದ್ದ. ಮುಂದೆ ಬೆಂಗಳೂರನ್ನೇ ಮನೆ ಮಾಡಿಕೊಂಡ ವಿಜ್ಞಾನಿ ಸಿ.ವಿ. ರಾಮನ್ ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ ಮುಗಿಸಿ, 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪದವಿ ಪಡೆದರು.

ಆದರೆ ಬೇಗ ಓದಿದವರೆಲ್ಲ ರಾಮನ್ ಆಗುವುದಿಲ್ಲ. ಚುರುಕಾದ ಮಗುವನ್ನು ಮುಂದಕ್ಕೆ ಬಿಡಬೇಕೋ, ಓರಗೆಯವರ ಜೊತೆಯಲ್ಲೇ ನಿಲ್ಲಿಸಬೇಕೋ? ಅಮೆರಿಕದಲ್ಲಿ ಈ ಪ್ರಶ್ನೆ ದೊಡ್ಡ ಚರ್ಚೆಯಾದದ್ದಕ್ಕೆ 1909ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಬಂದ ಇಬ್ಬರು ಹುಡುಗರು ಬಹುಮಟ್ಟಿಗೆ ಕಾರಣ.

ಒಬ್ಬ ವಿಲಿಯಂ ಜೇಮ್ಸ್ ಸೈಡಿಸ್. ಮನೋವಿಜ್ಞಾನಿ ಬೋರಿಸ್ ಸೈಡಿಸ್ ಅವರ ಮಗ. ಕಾಲೇಜು ಸೇರಿದಾಗ ಅವನಿಗೆ ಹನ್ನೊಂದು ವರ್ಷ. 1910ರ ಜನವರಿಯಲ್ಲಿ ಹಾರ್ವರ್ಡ್‌ನ ಗಣಿತ ಸಂಘದಲ್ಲಿ ನಾಲ್ಕು ಆಯಾಮಗಳ ಆಕೃತಿಗಳ ಬಗ್ಗೆ ಉಪನ್ಯಾಸ ಕೊಟ್ಟ. ಪತ್ರಿಕೆಗಳು ಅಂದಿನಿಂದ ಅವನ ಬೆನ್ನು ಹತ್ತಿದವು. ಹದಿನಾರಕ್ಕೆ ಪದವಿ ಬಂತು. ಕೆಲಕಾಲ ಹ್ಯೂಸ್ಟನ್ನಿನಲ್ಲಿ ಪಾಠ ಹೇಳಿ ಬಿಟ್ಟ. ಆಮೇಲೆ ಲೆಕ್ಕದ ಯಂತ್ರ ನಡೆಸುವಂಥ ಸಣ್ಣ ನೌಕರಿಗಳಲ್ಲಿ ಅಜ್ಞಾತನಾಗಿ ಬದುಕಿದ. ಟ್ರ್ಯಾಮ್ ಚೀಟಿ ಸಂಗ್ರಹಿಸುವುದು ಅವನಿಗೆ ಬಲು ಪ್ರೀತಿಯ ಹವ್ಯಾಸವಾಗಿತ್ತು. 1937ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಅವನನ್ನು ಹುಡುಕಿ ತೆಗೆದು ಬರೆದಾಗ ಮೊಕದ್ದಮೆ ಹೂಡಿದ. 1940ರಲ್ಲಿ ಮೇಲಿನ ನ್ಯಾಯಾಲಯದಲ್ಲಿ ಸೋತ. 1944ರಲ್ಲಿ ತೀರಿಕೊಂಡಾಗ ಅವನಿಗಿನ್ನೂ 46 ವರ್ಷ.

ಇನ್ನೊಬ್ಬ ನಾರ್ಬರ್ಟ್ ವೀನರ್, ಮುಂದೆ ‘ಸೈಬರ್ನೆಟಿಕ್ಸ್’ ಶಾಸ್ತ್ರಕ್ಕೆ ಆ ಹೆಸರಿಟ್ಟ ಗಣಿತಜ್ಞ. ಅವನ ತಂದೆ ಹಾರ್ವರ್ಡ್‌ನಲ್ಲೇ ಪ್ರಾಧ್ಯಾಪಕರು. ಏಳರ ಪ್ರಾಯದಲ್ಲಿ ಶಾಲೆಗೆ ಸೇರಿಸಿದಾಗ ಓದಿನಲ್ಲಿ ಮುಂದಿದ್ದ ಹುಡುಗ ಕೂಡುವ ಕಳೆಯುವ ಲೆಕ್ಕದಲ್ಲಿ ಹಿಂದೆ ಬಿದ್ದ. ತಂದೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿದರು. ಬಳಿಕ ಏಯರ್ ಎಂಬ ಊರಿನ ಹೈಸ್ಕೂಲಿಗೆ ಹೋಗಿ 1906ರಲ್ಲಿ, ಹನ್ನೊಂದು ವರ್ಷಕ್ಕೆ, ಅದನ್ನು ಮುಗಿಸಿದ. ಆಗ ತಂದೆ ಅವನನ್ನು ಹಾರ್ವರ್ಡ್‌ಗೆ ಕಳಿಸಲಿಲ್ಲ. ಆ ವಯಸ್ಸಿನವನು ಅಲ್ಲಿ ಸೇರಿದರೆ ಎಲ್ಲರ ಕಣ್ಣೂ ಅವನ ಮೇಲೇ ಎಂದು ಹೆದರಿ, ಹತ್ತಿರದ ಟಫ್ಟ್ಸ್ ಕಾಲೇಜಿಗೆ ಸೇರಿಸಿದರು. ಪದವಿ ಮುಗಿದ ಮೇಲೆ, 1909ರಲ್ಲಿ, ಹಾರ್ವರ್ಡ್‌ಗೆ ಬಂದು ಪ್ರಾಣಿಶಾಸ್ತ್ರ ಹಿಡಿದ. ಬುದ್ಧಿ ಓಡಿದಷ್ಟು ಕೈ ಓಡಲಿಲ್ಲ, ಕಣ್ಣೂ ಮಂದ. ಪ್ರಯೋಗಾಲಯದ ಕೆಲಸ ಒಗ್ಗದೆ ವಿಷಯ ಬದಲಿಸಿದ. 1913ರಲ್ಲಿ, ಹದಿನೆಂಟಕ್ಕೆ, ಡಾಕ್ಟರೇಟ್ ಪಡೆದ. ಆದರೂ 1953ರ ಆತ್ಮಕಥೆಯಲ್ಲಿ ಅವರು ತೋಡಿಕೊಂಡ ನೋವು ಸಣ್ಣದಲ್ಲ. ತನ್ನ ಗೆಲುವೆಲ್ಲ ತಂದೆಯ ತರಬೇತಿಯದು, ಸೋಲು ಮಾತ್ರ ತನ್ನದು ಎಂಬಂತೆ ಲೋಕದೆದುರು ಕಾಣಿಸಿಕೊಳ್ಳಬೇಕಾಯಿತಲ್ಲ ಎಂಬ ನೋವು ಅದು.

ಜನ ಮರೆಯದೆ ಉಳಿಸಿಕೊಂಡದ್ದು ಸೈಡಿಸ್‌ನ ಕಥೆಯನ್ನು. ‘ಬೇಗ ಮಾಗಿದ್ದು ಬೇಗ ಕೊಳೆಯುತ್ತದೆ’ ಎಂಬ ಹಳೆಯ ಇಂಗ್ಲಿಷ್ ಗಾದೆಗೆ ಅವನೇ ಸಾಕ್ಷಿಯಾದ. ಆದರೆ ಒಬ್ಬನ ಬದುಕಿನಿಂದ ಎಲ್ಲ ಮಕ್ಕಳಿಗೂ ನಿಯಮ ಮಾಡಬಹುದೆ? ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಿಂದ ಸಾವಿರಕ್ಕೂ ಹೆಚ್ಚು ಪ್ರತಿಭಾವಂತ ಮಕ್ಕಳ ಬೆಳವಣಿಗೆಯನ್ನು ಗಮನಿಸುತ್ತ ಬಂದರು. ಅತಿ ಬುದ್ಧಿವಂತರಾದ ಮಕ್ಕಳು ಹದಿನೇಳರೊಳಗೆ ಕಾಲೇಜು ಸೇರುವುದೇ ಒಳ್ಳೆಯದೆಂದು 1947ರಲ್ಲಿ ಬರೆದರು.

ಪ್ರಶ್ನೆಯನ್ನು ಬೇರೆ ರೀತಿ ಕೇಳಿದವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಜೂಲಿಯನ್ ಸ್ಟ್ಯಾನ್ಲಿ. ಗಣಿತದಲ್ಲಿ ಮುಂದಿರುವ ಮಗುವನ್ನು ಇಡೀ ತರಗತಿಯನ್ನೇ ಹಾರಿಸಬೇಕೆ, ಗಣಿತದಲ್ಲಿ ಮಾತ್ರ ಮುಂದೆ ಬಿಟ್ಟರೆ ಸಾಲದೆ? 1971ರಲ್ಲಿ ಅವರು ಆರಂಭಿಸಿದ ಅಧ್ಯಯನದಲ್ಲಿ, ಕಾಲೇಜು ಪ್ರವೇಶಕ್ಕೆ ಹದಿನೇಳು ಹದಿನೆಂಟರವರು ಬರೆಯುವ ಗಣಿತ ಪರೀಕ್ಷೆಯನ್ನು ಹನ್ನೆರಡು ಹದಿಮೂರರ ಮಕ್ಕಳಿಗೆ ಕೊಟ್ಟರು. ಯಾರು ಎಷ್ಟು ಮುಂದಿದ್ದಾರೆ ಎಂಬುದು ಊಹೆಯಲ್ಲದೆ ಅಳತೆಯಾಯಿತು.

ಈ ದಾರಿಯಲ್ಲಿ ನಡೆದವರಿಗೆ ಆಸ್ಟ್ರೇಲಿಯಾದ ಟೆರೆನ್ಸ್ ಟಾವೊ ಒಳ್ಳೆಯ ಉದಾಹರಣೆ. 1975ರಲ್ಲಿ ಹುಟ್ಟಿದ ಮಗುವನ್ನು ತಂದೆ ತಾಯಿ ತೀರ ಚಿಕ್ಕಂದಿನಲ್ಲೇ ಶಾಲೆಗೆ ಸೇರಿಸಿ ನೋಡಿದರು. ಒಗ್ಗದೆಂದು ಕಂಡಾಗ ಸಂಕೋಚಪಡದೆ ಬಿಡಿಸಿ, ಐದಕ್ಕೆ ಮತ್ತೆ ಸೇರಿಸಿದರು. ಎಂಟರ ವಯಸ್ಸಿಗೆ ಹುಡುಗ ಗಣಿತಕ್ಕೆ ಹೈಸ್ಕೂಲಿನ ಹಿರಿಯರ ಜೊತೆ ಕೂರುತ್ತಿದ್ದ. ಇತರ ವಿಷಯಗಳಿಗೆ ಕೆಳಗಿನ ತರಗತಿಗಳಿಗೆ ಹೋಗುತ್ತಿದ್ದ. ವಿಶ್ವವಿದ್ಯಾನಿಲಯದ ಪಾಠ ಶುರುವಾದ ಮೇಲೂ ಶಾಲೆ ತಕ್ಷಣ ಬಿಡಲಿಲ್ಲ. 2006ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಅವರಿಗೆ ಸಂದಿತು.

ಪೂರ್ಣ ತರಗತಿಯನ್ನೇ ಹಾರಿಸುವ ಸಂದರ್ಭಗಳಿಗಾಗಿ ಅಮೆರಿಕದ ಅಯೋವಾದಲ್ಲಿ ತಜ್ಞರು ಒಂದು ಅಳತೆಪಟ್ಟಿ ಮಾಡಿದ್ದಾರೆ. ಅದರಲ್ಲಿ ಅಂಕಗಳ ಜೊತೆಗೆ ಮಗುವಿನ ಸ್ವಭಾವ, ಮೈಕಟ್ಟು, ಗೆಳೆಯರೊಡನೆ ಬೆರೆಯುವ ರೀತಿಯೂ ಲೆಕ್ಕಕ್ಕೆ ಬರುತ್ತವೆ. ಮಗು ಹೋಗಬೇಕಾದ ತರಗತಿಯಲ್ಲಿ ಅದರ ಅಣ್ಣನೋ ಅಕ್ಕನೋ ಇದ್ದರೆ ಬೇಡ ಎನ್ನುತ್ತದೆ ಆ ಪಟ್ಟಿ. ತಮ್ಮನ ಪಕ್ಕ ಕೂರಬೇಕಾದ ಅಣ್ಣನ ಮುಖವನ್ನು ಕಲ್ಪಿಸಿಕೊಂಡರೆ ಕಾರಣ ತಿಳಿಯುತ್ತದೆ. ಮಗುವಿಗೇ ಇಷ್ಟವಿಲ್ಲದಿದ್ದರೆ ಆಗಲೂ ಬೇಡ.

ಸೈಡಿಸ್‌ಗೆ ಮುಳುವಾದದ್ದು ವೇಗವೊಂದೇ ಎನ್ನಲು ಆಧಾರವಿಲ್ಲ. ಊರೆಲ್ಲ ನಿಂತು ನೋಡುವ ಪ್ರದರ್ಶನದ ಭಾರವೂ ಅವನ ಮೇಲಿತ್ತು. ನಮ್ಮ ಮನೆಗಳಲ್ಲೂ ಇಂಥ ಮಗುವಿದ್ದರೆ ಎಷ್ಟು ತರಗತಿ ಹಾರಿಸಬೇಕು ಎನ್ನುವ ಮೊದಲು, ಯಾವ ವಿಷಯದಲ್ಲಿ ಅದು ನಿಜಕ್ಕೂ ಹಸಿದಿದೆ, ಆಟದ ಹೊತ್ತಿನಲ್ಲಿ ಅದರ ಜೊತೆ ಯಾರಿರುತ್ತಾರೆ ಎಂದು ನೋಡಿಕೊಳ್ಳಬೇಕು. ಮುಂದೆ ಬಿಟ್ಟ ಮೇಲೆ ಒಗ್ಗದಿದ್ದರೆ ಹಿಂದಕ್ಕೆ ಕರೆದುಕೊಳ್ಳುವುದು ಅವಮಾನವಲ್ಲ. ಟಾವೊ ಅವರ ತಂದೆ ತಾಯಿ ಮಾಡಿದ್ದು ಅದನ್ನೇ.