ಕೊರಗು ಮತ್ತು ಕಾಯಿಲೆ: ಭಾವಸಂಘರ್ಷ ಸಿದ್ಧಾಂತದ ಇತಿಹಾಸ

ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಕೊರಗಿ ಕೊರಗಿ ಹಾಸಿಗೆ ಹಿಡಿದವರ ಕಥೆ ಎಲ್ಲ ಊರುಗಳಲ್ಲೂ ಇದೆ. ಈ ಲೋಕಾನುಭವವನ್ನು ರೋಗಕಾರಣದ ಸಿದ್ಧಾಂತವಾಗಿ ಕಟ್ಟುವ ಯತ್ನಗಳು ಕಳೆದ ಇನ್ನೂರು ವರ್ಷಗಳಲ್ಲಿ ಯುರೋಪು, ಅಮೆರಿಕಗಳಲ್ಲಿ ಮತ್ತೆ ಮತ್ತೆ ನಡೆದಿವೆ. ಅವುಗಳಲ್ಲಿ ಅತ್ಯಂತ ಕಠೋರವಾದದ್ದು ಜರ್ಮನಿಯ ವೈದ್ಯ ರೈಕೆ ಗೇರ್ಡ್ ಹಾಮರ್ (1935–2017) ರೂಪಿಸಿದ ‘ಜರ್ಮನ್ ನ್ಯೂ ಮೆಡಿಸಿನ್’. ಅದನ್ನು ಒಬ್ಬ ವ್ಯಕ್ತಿಯ ವಿಲಕ್ಷಣ ಕಲ್ಪನೆಯೆಂದು ಬದಿಗಿಟ್ಟರೆ ಅದರ ಬೇರು ಕಾಣದೆ ಹೋಗುತ್ತದೆ. ಅದು ದೀರ್ಘ ಪರಂಪರೆಯೊಂದರ ಕುಡಿ. ಆ ಪರಂಪರೆಯುದ್ದಕ್ಕೂ ಕಾಣುವ ಸಂಗತಿ ಒಂದೇ: ರೋಗದ ಕಾರಣ ತಿಳಿಯದಿದ್ದಾಗ ಭಾವಸಂಘರ್ಷ ಆ ಖಾಲಿ ಜಾಗದಲ್ಲಿ ಬಂದು ಕೂರುತ್ತದೆ, ಕಾರಣ ತಿಳಿದಾಗ ಎದ್ದು ಮುಂದಿನ ರೋಗದತ್ತ ಹೋಗುತ್ತದೆ.

ಇದಕ್ಕೆ ಮೊದಲ ಸಾಕ್ಷಿ ಕ್ಷಯ. ಸ್ಟೆತಾಸ್ಕೋಪನ್ನು ರೂಪಿಸಿದ ಫ್ರಾನ್ಸಿನ ರೆನೆ ಲೆನೆಕ್ ಕ್ಷಯಕ್ಕೆ ದೀರ್ಘಕಾಲದ ದುಃಖವೇ ಮುಖ್ಯ ಕಾರಣವೆಂದು ನಂಬಿದ್ದರು. ಅವರು ಹತ್ತು ವರ್ಷ ವೈದ್ಯರಾಗಿದ್ದ ಕ್ರೈಸ್ತ ಸನ್ಯಾಸಿನಿಯರ ಮಠವೊಂದರಲ್ಲಿ ನಿಯಮಗಳು ಬಹಳ ಕಠಿಣವಾಗಿದ್ದವು. ಒಬ್ಬರ ಹಿಂದೊಬ್ಬರು ಕ್ಷಯದಿಂದ ತೀರಿಕೊಂಡು, ಮಠದ ಸದಸ್ಯರೆಲ್ಲ ಎರಡು ಮೂರು ಬಾರಿ ಬದಲಾದರು. ಲೆನೆಕ್ ಕಂಡದ್ದು ನಿಜ, ಎಣಿಸಿದ್ದೂ ನಿಜ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಮುಂದಿಟ್ಟ ಮೇಲೆ ಅದೇ ಮಠದ ಕಥೆ ಬೇರೆ ಅರ್ಥ ಕೊಡತೊಡಗಿತು. ಒಂದೇ ಗಾಳಿಯನ್ನು ಉಸಿರಾಡುತ್ತ ಮುಚ್ಚಿದ ಗೋಡೆಗಳೊಳಗೆ ಬದುಕಿದವರಿಗೆ ಸೋಂಕು ಹರಡಿತ್ತು. ಅವರ ದುಃಖ ಸುಳ್ಳಾಗಿರಲಿಲ್ಲ. ಆದರೆ ಕೊಂದದ್ದು ಬೇರೆ. ಲೆನೆಕ್ ಕೂಡ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರ ಮನೋವಿಶ್ಲೇಷಣೆಯ ಭಾಷೆಯನ್ನು ಪಡೆಯಿತು. ಷಿಕಾಗೋದಲ್ಲಿ ಫ್ರಾನ್ಜ್ ಅಲೆಕ್ಸಾಂಡರ್ ಜಠರದ ಹುಣ್ಣು, ಆಸ್ತಮಾ, ರಕ್ತದೊತ್ತಡ ಸೇರಿದಂತೆ ಏಳು ಕಾಯಿಲೆಗಳಿಗೆ ಒಂದೊಂದು ನಿರ್ದಿಷ್ಟ ಭಾವಸಂಘರ್ಷವನ್ನು ಜೋಡಿಸಿದರು. ಅವರ ಪ್ರಕಾರ ಹುಣ್ಣು, ಆರೈಕೆಗಾಗಿ ಹಂಬಲಿಸಿಯೂ ಆ ಹಂಬಲವನ್ನು ಒಪ್ಪಿಕೊಳ್ಳಲಾಗದವರ ರೋಗ. ಆದರೆ 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹುಣ್ಣಿಗೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ವರ್ಷಗಟ್ಟಲೆ ಕಾಡಿದ ಹುಣ್ಣುಗಳು ಆಂಟಿಬಯೋಟಿಕ್‌ಗಳಿಂದ ವಾಸಿಯಾಗತೊಡಗಿದವು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಷ್ಟರಲ್ಲಿ ಈ ವಿಚಾರ ಕ್ಯಾನ್ಸರಿನಲ್ಲಿ ನೆಲೆ ಕಂಡಿತ್ತು. 1978ರ ಆಗಸ್ಟಿನಲ್ಲಿ ಕಾರ್ಸಿಕಾ ಬಳಿ ಹಾಮರ್ ಅವರ ಮಗನಿಗೆ ಗುಂಡೇಟು ತಗಲಿತು. ಡಿಸೆಂಬರಿನಲ್ಲಿ ಆತ ತೀರಿಕೊಂಡ. ಬಳಿಕ ಹಾಮರ್ ಅವರಿಗೆ ವೃಷಣದ ಕ್ಯಾನ್ಸರ್ ಆಯಿತು. ಮಗನ ಸಾವಿನ ಆಘಾತವೇ ತನ್ನ ರೋಗವಾಯಿತೆಂದು ಅವರು ನಂಬಿದರು. ಆ ದುಃಖದ ಮುಂದೆ ತಲೆಬಾಗಲೇಬೇಕು. ಆದರೆ ಅದರಿಂದ ಅವರು ಎಲ್ಲ ರೋಗಿಗಳಿಗೂ ಒಂದು ನಿಯಮವನ್ನು ತೆಗೆದರು: ಅನಿರೀಕ್ಷಿತ ಆಘಾತವೇ ಕ್ಯಾನ್ಸರಿನ ಮೂಲ, ಅದರ ಗುರುತು ಮಿದುಳಿನ ಸಿ.ಟಿ. ಚಿತ್ರದಲ್ಲಿ ಉಂಗುರವಾಗಿ ಮೂಡುತ್ತದೆ, ಸಂಘರ್ಷ ಪರಿಹಾರವಾದರೆ ದೇಹ ತಾನೇ ಗುಣವಾಗುತ್ತದೆ. ವಿಕಿರಣ ತಜ್ಞರು ಅಂಥ ಉಂಗುರಗಳನ್ನು ಯಂತ್ರದಿಂದ ಮೂಡುವ ದೋಷವೆಂದು ಗುರುತಿಸುತ್ತಾರೆ. 1981ರಲ್ಲಿ ಹಾಮರ್ ಸಲ್ಲಿಸಿದ ಪ್ರಬಂಧವನ್ನು ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಒಪ್ಪಲಿಲ್ಲ. 1986ರಲ್ಲಿ ಅವರ ವೈದ್ಯವೃತ್ತಿಯ ಪರವಾನಗಿ ಹೋಯಿತು. 1995ರಲ್ಲಿ ಆಸ್ಟ್ರಿಯಾದ ಆರು ವರ್ಷದ ಬಾಲಕಿಯೊಬ್ಬಳ ಮೂತ್ರಪಿಂಡದ ಗೆಡ್ಡೆಗೆ ಚಿಕಿತ್ಸೆ ಕೊಡಿಸದೆ ತಂದೆತಾಯಿ ಅವಳನ್ನು ಸ್ಪೇನಿಗೆ, ಹಾಮರ್ ಬಳಿಗೆ ಕರೆದೊಯ್ದರು. ಗೆಡ್ಡೆ ಸುಮಾರು ನಾಲ್ಕು ಕಿಲೋ ಬೆಳೆಯಿತು. ನ್ಯಾಯಾಲಯ ನಡುವೆ ಬಂದು, ಕೀಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆ ನಡೆದ ಮೇಲೆ ಅವಳು ಬದುಕಿದಳು.

ಇಲ್ಲಿ ಏಳುವ ಮೊದಲ ಆಕ್ಷೇಪ ಹಗುರವಾದದ್ದಲ್ಲ: ಮನಸ್ಸು ದೇಹದ ಮೇಲೆ ಪರಿಣಾಮ ಬೀರುವುದಿಲ್ಲವೇ? ಖಂಡಿತ ಬೀರುತ್ತದೆ. 1990ರಲ್ಲಿ ಜಪಾನಿನ ವೈದ್ಯರು ವರ್ಣಿಸಿದ ತಾಕೋತ್ಸುಬೋ ಸ್ಥಿತಿಯಲ್ಲಿ ತೀವ್ರ ಆಘಾತದಿಂದ ಹೃದಯದ ಸ್ನಾಯು ಕೆಲಕಾಲ ಸೋಲುತ್ತದೆ. ಆದರೆ ಆ ದಾರಿ ಒತ್ತಡದ ಹಾರ್ಮೋನುಗಳ ದಾರಿ, ಅಳೆದು ನೋಡಬಹುದಾದದ್ದು. ಯಾರನ್ನು ಕಳೆದುಕೊಂಡಿರಿ ಎಂಬ ಅರ್ಥವನ್ನು ಓದಿ ಅದು ಅಂಗವನ್ನು ಆರಿಸುವುದಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರ ಕುರಿತು ಡೆನ್ಮಾರ್ಕಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಈ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಕ್ಯಾನ್ಸರಿನ ಅಲ್ಪ ಹೆಚ್ಚಳ ತಾಯಂದಿರಲ್ಲಿ ಮಾತ್ರ ಕಂಡಿತು, ಅದೂ ಮುಖ್ಯವಾಗಿ ಧೂಮಪಾನಕ್ಕೆ ಸಂಬಂಧಿಸಿದ ಬಗೆಗಳಲ್ಲಿ.

ಎರಡನೆಯ ಆಕ್ಷೇಪ: ಮನಸ್ಸು ಹಗುರವಾದರೆ ಆಯುಷ್ಯ ಹೆಚ್ಚುವುದಿಲ್ಲವೇ? ಈ ಆಸೆಯನ್ನು ವಿಜ್ಞಾನ ತಿರಸ್ಕರಿಸಲಿಲ್ಲ, ಪರೀಕ್ಷಿಸಿತು. ಹರಡಿದ ಸ್ತನ ಕ್ಯಾನ್ಸರಿನ 86 ಮಹಿಳೆಯರಲ್ಲಿ, ಮನಬಿಚ್ಚಿ ಮಾತಾಡುವ ಗುಂಪಿಗೆ ಸೇರಿದವರು ಸರಾಸರಿ ಸುಮಾರು ಒಂದೂವರೆ ವರ್ಷ ಹೆಚ್ಚು ಬದುಕಿದರೆಂದು ಅಮೆರಿಕದ ಡೇವಿಡ್ ಸ್ಪೀಗೆಲ್ 1989ರಲ್ಲಿ ವರದಿ ಮಾಡಿದರು. 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರೊಂದಿಗೆ ಅದನ್ನೇ ಮತ್ತೆ ನೋಡಿದಾಗ ಆಯುಷ್ಯದಲ್ಲಿ ವ್ಯತ್ಯಾಸ ಸಿಗಲಿಲ್ಲ. ಆದರೆ ಹೆಚ್ಚು ಸಂಕಟದಲ್ಲಿದ್ದವರ ನೋವು, ದುಗುಡ ಎರಡೂ ಇಳಿದವು. ಸಾಂತ್ವನಕ್ಕೆ ಅದಷ್ಟೇ ಸಾಕು. ಅದರ ಬೆಲೆಯನ್ನು ಆಯುಷ್ಯದ ಲೆಕ್ಕದಲ್ಲಿ ಸಾಬೀತುಮಾಡಬೇಕಿಲ್ಲ.

ಭಾವಸಂಘರ್ಷ ಸಿದ್ಧಾಂತ ರೋಗಿಗೆ ತನ್ನ ಬದುಕಿನ ಮೇಲೆ ಹಿಡಿತ ಕೊಡುತ್ತದೆ ಎಂಬುದು ಕೊನೆಯ ಸಮರ್ಥನೆ. ರೋಗ ಇಳಿಯುತ್ತಿರುವವರೆಗೆ ಅದು ಹಾಗೆಯೇ ಕಾಣುತ್ತದೆ. ಗೆಡ್ಡೆ ಬೆಳೆದರೆ ಮಾತ್ರ ಹೊಣೆ ರೋಗಿಯ ಹೆಗಲೇರುತ್ತದೆ: ಅವಳು ಸಂಘರ್ಷವನ್ನು ಬಿಡಿಸಿಕೊಳ್ಳಲಿಲ್ಲ, ಯಾರನ್ನೋ ಕ್ಷಮಿಸಲಿಲ್ಲ. ಯಾವ ಫಲಿತಾಂಶದಿಂದಲೂ ಸೋಲದ ಸಿದ್ಧಾಂತ ತನ್ನ ಸೋಲನ್ನೆಲ್ಲ ಸಾಯುತ್ತಿರುವವರ ಮೇಲೆ ಹೊರಿಸುತ್ತದೆ. ನಮ್ಮ ಹಳೆಯ ಮಾತು ಇದಕ್ಕಿಂತ ಎಚ್ಚರದ್ದು, ಕರುಣೆಯದ್ದು. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನೇ ಸುಡುತ್ತದೆ ಎಂದು ಅದು ಸಂಕಟದ ಬಿಸಿಯನ್ನು ಹೇಳಿತೇ ಹೊರತು ರೋಗದ ಕಾರಣವನ್ನಲ್ಲ. ಹಾಸಿಗೆಯ ಬಳಿ ಕೂತು ‘ಏನು ಕೊರಗು?’ ಎಂದು ಕೇಳುವುದು ಆರೈಕೆಯ ಭಾಗ. ಆ ಪ್ರಶ್ನೆ ಔಷಧಿಯ ಜೊತೆಗಿರಬೇಕು, ಅದರ ಜಾಗದಲ್ಲಿ ಕೂರಬಾರದು.