ಹದಿನೆಂಟು ತುಂಬಿದ ವಿದ್ಯಾರ್ಥಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯಕ್ಕೆ ತುಮಕೂರು ಜಿಲ್ಲೆಯವು. ಶಿಕ್ಷಣ ಇಲಾಖೆಗೆ ಮಾತ್ರ ಈ ನಾಲ್ಕೂ ಸೇರಿ ಮಧುಗಿರಿ ಎಂಬ ಬೇರೆಯದೇ ಶೈಕ್ಷಣಿಕ ಜಿಲ್ಲೆ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಈ ಸೀಮೆಯಲ್ಲಿ ಬಡವರ ಮಕ್ಕಳ ಓದು ಒಂದೇ ಓಟಕ್ಕೆ ಮುಗಿಯುವಂಥದ್ದಲ್ಲ. ಆರಕ್ಕೆ ಒಂದನೇ ತರಗತಿ ಸೇರಿ ಎಲ್ಲೂ ಎಡವದೆ ಬಂದರೆ ದ್ವಿತೀಯ ಪಿಯುಸಿ ಮುಗಿಯುವಾಗ ಹದಿನೆಂಟು. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದ ವರ್ಷ ಶಾಲೆ ತಪ್ಪಿತು, ಇಲ್ಲವೇ ಗಣಿತವೊಂದು ಉಳಿಯಿತು ಎಂದರೆ ಹತ್ತೊಂಬತ್ತು. ಇಂಥ ಮಕ್ಕಳಿಗೆ ಸಿಗುವ ನೆರವಿನ ಗಡುವನ್ನು ಹುಟ್ಟಿದ ತಾರೀಖಿಗೆ ಕಟ್ಟಿದರೆ ಪರೀಕ್ಷೆಗೆ ಮುಂಚೆಯೇ ಅದು ನಿಂತುಹೋಗುತ್ತದೆ. ಓದುವವರಿಗೆಂದು ಕೊಡುವ ನೆರವು ಓದು ಮುಗಿಯುವತನಕ ಇರಬೇಕು. ಇದರಲ್ಲಿ ಹೊಸತೇನೂ ಇಲ್ಲ, ನಮ್ಮ ಹಳೆಯ ರೂಢಿಗಳು ನಡೆದದ್ದೇ ಹೀಗೆ.

ಹಳೆಯ ಮೈಸೂರಿನ ಪೇಟೆಗಳಲ್ಲಿ ಪರವೂರಿನ ಬಡ ಹುಡುಗರು ವಾರಾನ್ನದಲ್ಲಿ ಓದುತ್ತಿದ್ದರು. ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಯಾವುದಾದರೂ ಮನೆಗೆ ಸೂತಕ ಬಂತೋ, ಆ ವಾರದ ಹೊಟ್ಟೆಗೆ ಹುಡುಗ ಬೇರೆ ದಾರಿ ನೋಡಿಕೊಳ್ಳಬೇಕು. ಅನ್ನ ಹಾಕಿದವರು ಕೇಳುತ್ತಿದ್ದುದು ಯಾವ ತರಗತಿ, ಪಾಸಾದೆಯಾ ಎಂದೇ ಹೊರತು ವಯಸ್ಸನ್ನಲ್ಲ. ಜಾತಿಯನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅದನ್ನು ತಿಳಿದೇ ಒಳಗೆ ಕರೆಯುತ್ತಿದ್ದರು. ಹೆಣ್ಣುಮಕ್ಕಳ ಮಾತಂತೂ ದೂರ. ಹಾಗಾಗಿ ವಾರಾನ್ನವನ್ನು ಹಾಡಿ ಹೊಗಳುವ ಉಮೇದು ನನಗಿಲ್ಲ. ಅದರ ಬಾಗಿಲನ್ನು ಅಗಲ ಮಾಡಿದ್ದು ಸಿದ್ಧಗಂಗಾ ಮಠ. 1917ರಲ್ಲಿ ಉದ್ದಾನ ಶಿವಯೋಗಿಗಳ ಕಾಲಕ್ಕೆ ಅಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಊರೂರು ಭಿಕ್ಷೆಗೆ ಹೋಗಿ ತಂದ ರಾಗಿ, ಕಾಳುಗಳಲ್ಲಿ ಎಲ್ಲ ಜಾತಿಯ ಸಾವಿರಾರು ಹುಡುಗರು ಉಂಡು ಓದಿದರು. ಅಲ್ಲೂ ಗಡುವು ಓದಿನದೇ.

ಸರ್ಕಾರಕ್ಕೂ ಈ ಅಳತೆ ಗೊತ್ತಿಲ್ಲದ್ದಲ್ಲ. 1918ರಲ್ಲಿ ನಾಲ್ವಡಿಯವರ ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಹುದ್ದೆಗಳ ಜೊತೆಗೆ ವಿದ್ಯಾರ್ಥಿವೇತನದ ಮಾತನ್ನೂ ಎತ್ತಿತು. ಪರಿಶಿಷ್ಟ ಜಾತಿಯವರಿಗೆ 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೋರ್ಸಿನ ಲೆಕ್ಕದಲ್ಲೇ ಸಿಗುತ್ತದೆ. ಹಾಸ್ಟೆಲ್‌ನಲ್ಲಿ ಸೀಟು ಸಿಗದ ಹಿಂದುಳಿದ ವರ್ಗದವರಿಗೆ 2013–14ರಲ್ಲಿ ಬಂದ ವಿದ್ಯಾಸಿರಿಯೂ, ಆರಂಭದಲ್ಲಿ ತಿಂಗಳಿಗೆ 1500ರಂತೆ ಹತ್ತು ತಿಂಗಳು, ಹಾಗೆಯೇ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಕಲಂ: ತಡವಾಗಿ ಶಾಲೆ ಸೇರಿದ ಮಗುವಿಗೆ ಹದಿನಾಲ್ಕು ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಇದೇ ವಿವೇಕ ಮಕ್ಕಳ ರಕ್ಷಣೆಯ ಯೋಜನೆಗಳಿಗೆ ಬಂದಾಗ ಕಾಣೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಂದೆಯಿಲ್ಲದ ಮಗುವಿಗೆ ಬರುವ ತಿಂಗಳ 4000 ರೂಪಾಯಿ ಹದಿನೆಂಟಕ್ಕೆ ನಿಲ್ಲುತ್ತದೆ. 2015ರ ಬಾಲನ್ಯಾಯ ಕಾಯ್ದೆ ಹದಿನೆಂಟರ ನಂತರವೂ ಹಣದ ನೆರವಿಗೆ ಅವಕಾಶ ಕೊಟ್ಟಿದೆಯಾದರೂ ಅದು ಮಕ್ಕಳ ಪಾಲನಾ ಸಂಸ್ಥೆಗಳಿಂದ ಹೊರಬರುವವರಿಗಷ್ಟೇ. ಪಾವಗಡದ ಹಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುವ ಹುಡುಗಿ ಆ ಲೆಕ್ಕಕ್ಕೆ ಬರುವುದಿಲ್ಲ.

ಗಡುವು ಸಡಿಲಿಸಿದರೆ ಹೆಸರಿಗೆ ಕಾಲೇಜು ಸೇರಿ ದುಡ್ಡು ಎತ್ತುವವರು ಹುಟ್ಟಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಹುಟ್ಟದೆ ಏನು, ಆದರೆ ಅವರನ್ನು ಹಿಡಿಯಲು ಹಾಜರಿ ಪುಸ್ತಕವಿದೆ, ಅಂಕಪಟ್ಟಿಯಿದೆ. ಪಿಯುಸಿಗೊಂದು ಕೊನೆಯೂ ಇದೆ. ಹದಿನೆಂಟಾದ ಮೇಲೆ ದುಡಿಯಲಿ ಎಂಬುದು ಇನ್ನೊಂದು ಮಾತು. ಕೇಂದ್ರ ಸರ್ಕಾರಿ ನೌಕರ ತೀರಿಕೊಂಡರೆ ದುಡಿಮೆಯಿಲ್ಲದ ಮಕ್ಕಳಿಗೆ ಕುಟುಂಬ ಪಿಂಚಣಿ ಇಪ್ಪತ್ತೈದರವರೆಗೆ ಸಲ್ಲುತ್ತದೆ. ಅಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ಉಳಿದದ್ದು ಖರ್ಚು. ರಾಜ್ಯದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿಯಂತೆ ಎರಡು ವರ್ಷದವರೆಗೆ ಕೊಡುತ್ತದೆ. ಓದು ಮುಂದುವರಿಸಿದವರಿಗೆ ಇಲ್ಲ. ಓದು ಮುಗಿಸಿದ ವಯಸ್ಕರಿಗೆ ಎರಡು ವರ್ಷ ಕೊಡಬಲ್ಲ ಬೊಕ್ಕಸಕ್ಕೆ ಪಿಯುಸಿ ಮುಗಿಸಲು ಹೆಣಗುತ್ತಿರುವ ಹತ್ತೊಂಬತ್ತರ ಹುಡುಗಿಯ ಇನ್ನೊಂದು ವರ್ಷ ಹೆಚ್ಚಿನ ಭಾರವಾಗಲಾರದು.