ಕಾರಿನ ಹವಾನಿಯಂತ್ರಣದಲ್ಲಿ ಕಿರು ಹೀಟ್ ಪಂಪ್: ಕಿರುನಾಳ, ರೆಫ್ರಿಜರೆಂಟ್ ಮತ್ತು ಬಿಸಿಲ ನಾಡಿನ ಅಗತ್ಯ

ಸಾರಾಂಶ
ಹೀಟ್ ಪಂಪನ್ನು ಕಿರಿದಾಗಿಸಿದರೆ ಕಾರಿನಲ್ಲಿ ಜಾಗವೂ ತೂಕವೂ ಉಳಿಯುತ್ತವೆ. ಬಿಸಿಲ ನಾಡಿಗೆ ಅದಕ್ಕಿಂತ ದೊಡ್ಡ ಲಾಭವೆಂದರೆ ರೆಫ್ರಿಜರೆಂಟಿನ ಪ್ರಮಾಣ ತಗ್ಗುವುದು. ಪ್ರೊಪೇನಿನಂಥ ಉರಿಯುವ ಅನಿಲದ ಬಳಕೆಗೆ ದಾರಿಯಾಗುವುದು ಇದರಿಂದಲೇ ಎಂಬುದು ಈ ಲೇಖನದ ಪ್ರತಿಪಾದನೆ.

1. ಹಿನ್ನೆಲೆ
ಪೆಟ್ರೋಲ್ ಕಾರಿನ ಕ್ಯಾಬಿನ್ನನ್ನು ಎಂಜಿನ್ನಿನ ವ್ಯರ್ಥ ಶಾಖವೇ ಬೆಚ್ಚಗಿಡುತ್ತದೆ. ವಿದ್ಯುತ್ ಕಾರಿನಲ್ಲಿ ಆ ಅನುಕೂಲವಿಲ್ಲ. ಸಾಮಾನ್ಯ ಹೀಟರ್ ಬಳಸಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖವಷ್ಟೇ ದಕ್ಕುತ್ತದೆ. ಹೊರಗಾಳಿಯ ಶಾಖವನ್ನೂ ಒಳಗೆ ಎಳೆದುಕೊಳ್ಳುವ ಹೀಟ್ ಪಂಪ್, ಸಾಧಾರಣ ಚಳಿಯಲ್ಲಿ ಎರಡು ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಕೊಡಬಲ್ಲದು. ನಿಸ್ಸಾನ್ ಲೀಫ್, ಟೆಸ್ಲಾ ಮಾಡೆಲ್ ವೈ ಕಾರುಗಳು ಇದನ್ನು ಅಳವಡಿಸಿಕೊಂಡದ್ದು ಚಳಿನಾಡುಗಳ ಈ ಲೆಕ್ಕಾಚಾರದಿಂದ. ಬಿಸಿಲ ನಾಡಿನಲ್ಲಾದರೆ ಇದೇ ಯಂತ್ರದ ಮುಖ್ಯ ಕೆಲಸ ಕ್ಯಾಬಿನ್ನನ್ನು ತಂಪುಗೊಳಿಸುವುದು.

2. ಕಿರುನಾಳದ ಲಾಭ, ನಷ್ಟ
ಹೀಟ್ ಪಂಪನ್ನು ಕಿರಿದಾಗಿಸುವ ಒಂದು ದಾರಿ, ಅದರ ಶಾಖ ವಿನಿಮಯಕಾರಕದಲ್ಲಿ ಕಿರುನಾಳಗಳನ್ನು, ಅಂದರೆ ಬಹು ಸಣ್ಣ ವ್ಯಾಸದ ನಾಳಗಳನ್ನು, ಬಳಸುವುದು. 1981ರಲ್ಲಿ ಸ್ಟ್ಯಾನ್‌ಫರ್ಡ್‌ನ ಟಕರ್‌ಮನ್ ಮತ್ತು ಪೀಸ್, ಸಿಲಿಕಾನಿನಲ್ಲಿ ಕೊರೆದ ಸೂಕ್ಷ್ಮ ನಾಳಗಳಲ್ಲಿ ನೀರು ಹರಿಸಿ ಪ್ರತಿ ಚದರ ಸೆಂಟಿಮೀಟರಿಗೆ 790 ವ್ಯಾಟ್ ಶಾಖ ತೆಗೆದು ತೋರಿಸಿದರು. ಪದರಹರಿವಿನಲ್ಲಿ (ಲ್ಯಾಮಿನಾರ್ ಹರಿವು) ನಾಳದ ವ್ಯಾಸ ಅರ್ಧವಾದರೆ ಶಾಖ ವರ್ಗಾವಣಾ ಗುಣಾಂಕ ಇಮ್ಮಡಿಯಾಗುತ್ತದೆ. ಅಷ್ಟೇ ಘನಗಾತ್ರದಲ್ಲಿ ಸಿಗುವ ಮೇಲ್ಮೈಯೂ ಇಮ್ಮಡಿಯಾಗುತ್ತದೆ. ಹೀಗೆ ಒಟ್ಟು ಲಾಭ ನಾಲ್ಕು ಪಟ್ಟು. ವೇಗ ಅಷ್ಟೇ ಇದ್ದರೆ ಒತ್ತಡದ ಇಳಿಕೆಯೂ ನಾಲ್ಕು ಪಟ್ಟಾಗುವುದರಿಂದ, ನಾಳಗಳನ್ನು ಗಿಡ್ಡವಾಗಿಸಿ ಸಮಾಂತರವಾಗಿ ಜೋಡಿಸಬೇಕು. ಆಗ ಇನ್ನೊಂದು ತೊಡಕು ಎದುರಾಗುತ್ತದೆ: ದ್ರವ ಮತ್ತು ಆವಿಯ ಮಿಶ್ರಣ ಎಲ್ಲ ನಾಳಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಕುದಿಯುವ ರೆಫ್ರಿಜರೆಂಟಿಗೆ ಮೇಲಿನ ಸರಳ ಲೆಕ್ಕವೂ ಪೂರ್ತಿ ಹೊಂದುವುದಿಲ್ಲ. ವಿನಿಮಯಕಾರಕದ ಗಾಳಿಯ ಬದಿಯ ಶಾಖತಡೆಯಂತೂ ಹಾಗೆಯೇ ಉಳಿಯುತ್ತದೆ.

3. ರೆಫ್ರಿಜರೆಂಟಿನ ಪ್ರಶ್ನೆ
ಕಾರಿನ ಏಸಿಗಳಲ್ಲಿ ಬಹುಕಾಲ ಬಳಸಿದ ಆರ್-134ಎ ಅನಿಲದ ಭೂತಾಪ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು. ಯುರೋಪ್ ಒಕ್ಕೂಟ 2017ರಿಂದ ಹೊಸ ಕಾರುಗಳಲ್ಲಿ ಈ ಮಾನ 150ನ್ನು ಮೀರಬಾರದೆಂದು ವಿಧಿಸಿತು. ಇಂಗಾಲದ ಡೈಆಕ್ಸೈಡನ್ನೇ ರೆಫ್ರಿಜರೆಂಟ್ ಮಾಡಬಹುದು. ಆದರೆ ಅದರ ಕ್ರಾಂತಿಕ ತಾಪಮಾನ, ಅಂದರೆ ಎಷ್ಟು ಒತ್ತಿದರೂ ಅನಿಲ ದ್ರವವಾಗದ ಮಿತಿ, ಸುಮಾರು 31 ಡಿಗ್ರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದು ಸಾಂದ್ರೀಕರಿಸಿ ದ್ರವವಾಗುವುದಿಲ್ಲ. ತಂಪುಗೊಳಿಸುವ ದಕ್ಷತೆ ಕುಸಿಯುತ್ತದೆ.

ಪ್ರೊಪೇನಿಗೆ ಈ ತೊಂದರೆಯಿಲ್ಲ. ಅದರ ದ್ರವಸಾಂದ್ರತೆ ಆರ್-134ಎಯ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಅಷ್ಟೇ ಜಾಗಕ್ಕೆ ಕಡಿಮೆ ತೂಕದ ಅನಿಲ ಸಾಕು. ಭಾರತದಲ್ಲಿ ಪ್ರೊಪೇನ್ ಬಳಸುವ ಮನೆ ಏಸಿಗಳು ಈಗಾಗಲೇ ಮಾರಾಟವಾಗಿವೆ. ಅಡ್ಡಿಯೆಂದರೆ ಅದು ಉರಿಯುವ ಅನಿಲ. ಪರಿಹಾರ, ಪ್ರೊಪೇನನ್ನು ಕ್ಯಾಬಿನ್ನಿನ ಹೊರಗೆ ಚಿಕ್ಕ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ನೀರು–ಗ್ಲೈಕಾಲ್ ಮಿಶ್ರಣದ ಮೂಲಕ ತಂಪನ್ನು ಒಳಗೆ ಸಾಗಿಸುವುದು. ಈ ಎರಡನೆಯ ಸುತ್ತಿನಲ್ಲಿ ಕೆಲವು ಡಿಗ್ರಿ ತಾಪಾಂತರ ವ್ಯಯವಾಗಿ ಕಂಪ್ರೆಸರಿನ ಹೊರೆ ಹೆಚ್ಚುತ್ತದೆ. ಕಿರುನಾಳದ ಪ್ಲೇಟ್ ವಿನಿಮಯಕಾರಕ ಈ ವ್ಯಯವನ್ನು ಇಳಿಸುತ್ತದೆ, ತುಂಬಬೇಕಾದ ಅನಿಲವನ್ನೂ ತಗ್ಗಿಸುತ್ತದೆ.

4. ಉಪಸಂಹಾರ
ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯಂತೆ ಭಾರತ 2028ರಲ್ಲಿ ಆರ್-134ಎಯಂಥ ಹೈಡ್ರೋಫ್ಲೋರೋಕಾರ್ಬನ್‌ಗಳ ಬಳಕೆಗೆ ಮಿತಿ ಹಾಕಿಕೊಳ್ಳಬೇಕಿದೆ. ಕಾರಿನ ಹೀಟ್ ಪಂಪ್‌ಗಳನ್ನು ಚಳಿಗಾಲದ ದಕ್ಷತೆಯಿಂದ ಅಳೆಯುವ ಪದ್ಧತಿ ಬಯಲುಸೀಮೆಗೆ ಸಾಲದು. 45 ಡಿಗ್ರಿ ಹೊರತಾಪದಲ್ಲಿ ಪ್ರತಿ ಕಿಲೋವ್ಯಾಟ್ ತಂಪಿಗೆ ಎಷ್ಟು ಗ್ರಾಂ ರೆಫ್ರಿಜರೆಂಟ್, ಎಷ್ಟು ವಿದ್ಯುತ್ ಬೇಕೆಂಬ ಎರಡು ಅಳತೆಗಳನ್ನು ಒಟ್ಟಿಗೆ ವರದಿ ಮಾಡಿದರೆ ಮಾತ್ರ ಇಲ್ಲಿಗೆ ತಕ್ಕ ವಿನ್ಯಾಸ ಯಾವುದೆಂದು ತೀರ್ಮಾನಿಸಬಹುದು.